ಮೊದಲು ಕೈಗಳನ್ನು ಎಣಿಸಿ

ಪ್ರಿಯ ಬರಹಗಾರರೇ,

‘ಶೋ ಬೋಟ್’ (1927) ಸಂಗೀತ ನಾಟಕದ ‘ಓಲ್ ಮ್ಯಾನ್ ರಿವರ್’ ಹಾಡನ್ನು ಮೂರು ಆಕ್ಟೇವ್ (ಸ್ಥಾಯಿ) ಹ್ಯಾಂಡ್‌ಬೆಲ್ ತಂಡಕ್ಕೆ ಹೊಂದಿಸುವ ಕುರಿತ ನಿಮ್ಮ ಲೇಖನವನ್ನೂ ಸ್ವರಲಿಪಿಯನ್ನೂ ಓದಿದೆ. ಬರವಣಿಗೆ ತಿಳಿಯಾಗಿದೆ, ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ನೀವು ಬರೆದಿರುವುದು ಪಿಯಾನೋಗೆ, ಒಂದೊಂದು ಸ್ವರಕ್ಕೆ ಒಂದೊಂದು ಕೈಗಂಟೆ ಹಿಡಿದು ಬಾರಿಸುವವರಿಗಲ್ಲ.

ಮೊದಲ ಸ್ವರವನ್ನೇ ನೋಡಿ. ಇ ಫ್ಲಾಟ್ ಮೇಜರ್‌ನಲ್ಲಿ ನಿಮ್ಮ ರಾಗ ಬಿ ಫ್ಲಾಟ್ 3ರಿಂದ (ಅಂಕಿ ಸ್ಥಾಯಿಯನ್ನು ಹೇಳುತ್ತದೆ) ಶುರುವಾಗುತ್ತದೆ. 37 ಬೆಲ್‌ಗಳ ಸೆಟ್ ಇರುವುದು ಸಿ4ರಿಂದ ಸಿ7ರವರೆಗೆ. ಆ ಬೆಲ್ ಮೇಜಿನ ಮೇಲೆ ಇರುವುದೇ ಇಲ್ಲ. ಜಿ ಮೇಜರ್‌ಗೆ ಏರಿಸಿದರೆ ಇಡೀ ಹಾಡು ಡಿ4ರಿಂದ ಬಿ5ರೊಳಗೆ ಕೂರುತ್ತದೆ.

ಎರಡನೆಯದು, ಕೆಳಗಿನ ಬೆಲ್‌ಗಳ ಗೊಂದಲ. ಹ್ಯಾಂಡ್‌ಬೆಲ್‌ನಲ್ಲಿ ಮೂಲ ಸ್ವರದ ಜೊತೆಗೆ ಹನ್ನೆರಡನೇ ಸ್ವರವೂ, ಅಂದರೆ ಒಂದು ಸ್ಥಾಯಿ ಮೇಲಿನ ಪಂಚಮವೂ, ಗಟ್ಟಿಯಾಗಿ ಕೇಳಿಸುತ್ತದೆ. ನೀವು ಇ ಫ್ಲಾಟ್ 4, ಜಿ4 ಒಟ್ಟಿಗೆ ಬಾರಿಸಿದ್ದೀರಿ. ಜಿ4ರೊಳಗಿಂದ ಡಿ6 ಎದ್ದು, ಮೇಲೆ ನಡೆಯುವ ಇ ಫ್ಲಾಟ್‌ಗೆ ತಿಕ್ಕುತ್ತದೆ. ಸಿ5ರ ಕೆಳಗೆ ಸ್ವರಮೇಳದ ಆಧಾರ ಸ್ವರ, ಅದರಿಂದ ಐದನೆಯದು ಸಾಕು. ಮೂರನೆಯದನ್ನು ಮೇಲಕ್ಕೆ ತನ್ನಿ.

ಎಲ್ಲಕ್ಕಿಂತ ದೊಡ್ಡ ತೊಡಕು ಕೈಗಳದು. ಹನ್ನೊಂದು ಜನ, ಇಪ್ಪತ್ತೆರಡು ಕೈ, ಕೈಗೊಂದು ಬೆಲ್. ಬ್ರಿಡ್ಜ್ (ಹಾಡಿನ ನಡುಭಾಗ) ಮುಗಿಯುವ 24ನೇ ಬಾರ್‌ನ ಕೊನೆಯ ಬೀಟ್‌ನಲ್ಲಿ ಎಫ್ ಶಾರ್ಪ್ 5 ಇಟ್ಟು, 25ರ ಮೊದಲ ಬೀಟ್‌ಗೇ ಎಫ್5, ಜಿ5 ಕೇಳಿದ್ದೀರಿ. ಮೂರೂ ಒಬ್ಬರದೇ ಬೆಲ್‌ಗಳು. ಒಂದನ್ನು ಫೋಮ್ ಮೇಲೆ ಸದ್ದಿಲ್ಲದೆ ಇಟ್ಟು ಇನ್ನೊಂದನ್ನು ಎತ್ತಲು ಎರಡು ಬೀಟ್‌ಗಳಾದರೂ ಬೇಕು. ಜಿ ಮೇಜರ್‌ಗೆ ಹೋದರೂ ಈ ಕಷ್ಟ ತಪ್ಪದು, ಎ5-ಬಿ5 ಹಿಡಿದವರ ಪಾಲಿಗೆ ಎ ಶಾರ್ಪ್ ಆಗಿ ಬರುತ್ತದೆ. ಅದನ್ನು ಕೈ ಖಾಲಿಯಿರುವ ಪಕ್ಕದವರಿಗೆ ಕೊಡಿ, ಇಲ್ಲವೇ ಬಿಟ್ಟುಬಿಡಿ. ಒಳದನಿಯ ಸ್ವರ ಹೋದರೆ ಹಾಡು ಸೊರಗುವುದಿಲ್ಲ.

ಮೊದಲ ಸಾಲುಗಳಿಗೆ ಎಲ್‌ವಿ (ನಾದವನ್ನು ತಡೆಯದೆ ಮೊಳಗಲು ಬಿಡಿ ಎಂಬ) ಗುರುತು ಹಾಕಿರುವುದು ನನಗೆ ತುಂಬಾ ಹಿಡಿಸಿತು. ಅಲ್ಲಿ ರಾಗ ಬಹುಪಾಲು ನಮ್ಮ ಮೋಹನದ ಐದು ಸ್ವರಗಳಲ್ಲೇ ಓಡಾಡುವುದರಿಂದ ನಾದಗಳು ಒಂದರ ಮೇಲೊಂದು ನಿಂತರೂ ಕಿವಿಗೆ ಹಿತ. ಬಾಸ್ ಬೆಲ್‌ಗಳನ್ನು ಮಾತ್ರ ಸ್ವರಮೇಳ ಬದಲಾದಾಗಲೆಲ್ಲ ಎದೆಗೊತ್ತಿ ಡ್ಯಾಂಪ್ ಮಾಡಿಸಿ, ಅಂದರೆ ಸದ್ದು ನಿಲ್ಲಿಸಿ.

‘ಹಳೆಯ ಹಾಡಿಗೆ ಅನುಮತಿ ಬೇಡ’ ಎಂಬ ಸಾಲು ತೆಗೆಯಿರಿ. ಅಮೆರಿಕದಲ್ಲಿ ಈ ಹಾಡು 2023ರ ಜನವರಿಯಿಂದ ಹಕ್ಕುಸ್ವಾಮ್ಯದಿಂದ ಮುಕ್ತ, ಆದರೆ ಆಮೇಲೆ ಬಂದ ಬೇರೆಯವರ ಹೊಂದಿಕೆಗಳು ಹಾಗಲ್ಲ. ತಿದ್ದಿದ ಪ್ರತಿಯ ತಲೆಯಲ್ಲಿ, ಬಳಸಿದ ಬೆಲ್‌ಗಳ ಪಟ್ಟಿ ಇರಲಿ.

ಸಂಪಾದಕ