ನಿದ್ದೆ ಕಾಯಿಲೆ ಆಫ್ರಿಕಾ ಬಿಟ್ಟು ಬೇರೆ ಕಡೆ ಯಾಕೆ ಹರಡಿಲ್ಲ?

ಎಲ್ಲಾ ಒಂದು ನೊಣದ ಮೇಲೆ ನಿಂತಿದೆ. ಈ ಕಾಯಿಲೆ ತರುವ ಟ್ರಿಪನೊಸೋಮಾ ಎಂಬ ಪರೋಪಜೀವಿಯನ್ನು ಹೊತ್ತು ತಿರುಗುವುದು ತ್ಸೆತ್ಸೆ ನೊಣ. ಅದರ ವಾಸ ಹೆಚ್ಚುಕಡಿಮೆ ಪೂರ್ತಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲೇ.

ಇದು ಸೊಳ್ಳೆ ಥರ ರಾಶಿ ಮೊಟ್ಟೆ ಇಡುವುದಿಲ್ಲ. ಹೆಣ್ಣು ನೊಣ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಹಾಲಿನಂಥ ರಸ ಉಣಿಸಿ ಬೆಳೆಸುತ್ತದೆ. ಆಮೇಲೆ ನೆರಳಿರುವ ಸಡಿಲ ಮಣ್ಣಿಗೆ ಬಿಡುತ್ತದೆ. ಹುಳು ಮಣ್ಣೊಳಗೆ ನುಸುಳಿ ಕೋಶವಾಗುತ್ತದೆ, ಅಂದರೆ ನೊಣವಾಗುವ ಮುಂಚಿನ ಹಂತಕ್ಕೆ (ಪ್ಯೂಪಾ) ಹೋಗುತ್ತದೆ. ಹಾಗಾಗಿ ತೀರಾ ಒಣ ಅಥವಾ ತೀರಾ ಚಳಿಯ ಜಾಗ ಅದಕ್ಕೆ ಆಗಿಬರುವುದಿಲ್ಲ. ಹಳೇ ಟೈರಿನಲ್ಲಿ ಮೊಟ್ಟೆಯಾಗಿ ಕೂತು ಹಡಗಿನಲ್ಲಿ ದೇಶ ಸುತ್ತುವ ಡೆಂಗ್ಯೂ ಸೊಳ್ಳೆಯ ಚಾಲಾಕಿತನ ಇದಕ್ಕಿಲ್ಲ ಬಿಡಿ!

ಆಫ್ರಿಕಾದೊಳಗೂ ಈ ಕಾಯಿಲೆ ಎಲ್ಲ ಕಡೆ ಒಂದೇ ಥರ ಇಲ್ಲ. ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿರುವುದು ಗ್ಯಾಂಬಿಯೆನ್ಸ್ ಬಗೆ. ಅದು ನಿಧಾನದ್ದು, ಎಷ್ಟೋ ಸಲ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಪೂರ್ವ ಮತ್ತು ದಕ್ಷಿಣದಲ್ಲಿ ರೊಡೇಸಿಯೆನ್ಸ್. ಕಾಡುಪ್ರಾಣಿ, ದನಗಳಲ್ಲಿ ಉಳಿದುಕೊಂಡು ಮನುಷ್ಯರಿಗೆ ಬರುವ ಇದು ಕೆಲವೇ ವಾರಗಳಲ್ಲಿ ಜೋರಾಗುತ್ತದೆ. ಎರಡೂ ಕಾಣುವ ದೇಶ ಉಗಾಂಡಾ ಒಂದೇ.

2018ರಿಂದೀಚೆಗೆ ವರದಿಯಾಗುವ ಪ್ರಕರಣಗಳು ವರ್ಷಕ್ಕೆ 1,000ಕ್ಕಿಂತ ಕಡಿಮೆ. ಅದರಲ್ಲಿ ಜಾಸ್ತಿ ಪಾಲು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು.