ಓದುಗರ ಪ್ರಶ್ನೆ: ಕಸದ ಮೂಲೆಯಲ್ಲೊಂದು ಪುಟ್ಟ ಉದ್ಯಾನ

ಪ್ರಶ್ನೆ: ನಮ್ಮ ಬಡಾವಣೆಯ ಮೂಲೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಸುಮಾರು 4,000 ಚದರ ಅಡಿ ಜಾಗವಿದೆ. ಎರಡು ವರ್ಷಗಳ ಹಿಂದೆ ವನಮಹೋತ್ಸವದ ದಿನ ನಾವು 18 ಮನೆಯವರು ಸೇರಿ ಅಲ್ಲಿ 60 ಸಸಿಗಳನ್ನು ನೆಟ್ಟೆವು. ಈಗ ಉಳಿದಿರುವುದು 7 ಮಾತ್ರ. ಉಳಿದೆಡೆ ಮತ್ತೆ ಕಸ ಬೀಳುತ್ತಿದೆ. ಮನೆ ಕಟ್ಟಿಸುವವರು ಒಡೆದ ಇಟ್ಟಿಗೆ, ಗಾರೆ ತಂದು ಸುರಿಯುತ್ತಿದ್ದಾರೆ. ಈ ವರ್ಷ ಮತ್ತೊಮ್ಮೆ ಪ್ರಯತ್ನಿಸಬೇಕೆಂದಿದ್ದೇವೆ, ಆದರೆ ಅರ್ಧದಷ್ಟು ಜನರ ಉತ್ಸಾಹ ಕುಂದಿದೆ. ಎಲ್ಲಿಂದ ಪ್ರಾರಂಭಿಸಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಉಳಿದಿರುವ 7 ಗಿಡಗಳಿಂದಲೇ ಪ್ರಾರಂಭಿಸಿ. ಅವು ಜಾಗದ ಯಾವ ಭಾಗದಲ್ಲಿವೆ, ಯಾರ ಮನೆಗೆ ಹತ್ತಿರವಾಗಿವೆ, ಮಾರ್ಚ್‌–ಏಪ್ರಿಲ್‌ನಲ್ಲಿ ಅವಕ್ಕೆ ನೀರೆರೆದವರು ಯಾರು ಎಂಬುದನ್ನು ಬರೆದಿಟ್ಟುಕೊಂಡರೆ, ಮುಂದಿನ ಯೋಜನೆಗೆ ಬೇಕಾದ ಹೆಚ್ಚಿನ ಸಂಗತಿಗಳು ಅಲ್ಲಿಯೇ ಸಿಗುತ್ತವೆ. ಜುಲೈನಲ್ಲಿ ನೆಟ್ಟ ಸಸಿ ಸಾಮಾನ್ಯವಾಗಿ ಮಳೆಗಾಲದಲ್ಲಿ ಸಾಯುವುದಿಲ್ಲ. ದೀಪಾವಳಿಯವರೆಗೂ ಚಿಗುರುತ್ತಲೇ ಇದ್ದು, ಸಂಕ್ರಾಂತಿ ಕಳೆದು ಮಣ್ಣಿನ ತೇವ ಆರುತ್ತಿದ್ದಂತೆ ಬಾಡತೊಡಗಿ, ಯುಗಾದಿಯ ಹೊತ್ತಿಗೆ ಒಣಗಿಹೋಗುತ್ತದೆ. ನಮ್ಮಲ್ಲಿ ಗಿಡ ನೆಡುವ ದಿನಕ್ಕೆ ಬರುವ ಜನ ಆ ಹೊತ್ತಿಗೆ ಬರುವುದಿಲ್ಲ. ಮೊದಲ ಮೂರು ಬೇಸಿಗೆಗಳಲ್ಲಿ ನೀರು ಕಂಡ ಗಿಡ ಮಾತ್ರ ಮರವಾಗುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಸ್ವಯಂಸೇವಕರ ಪಟ್ಟಿಯನ್ನು ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಒಂದೊಂದು ವಾರಕ್ಕೂ ಇಂತಿಂಥ ಮನೆ ಎಂದು ಹಂಚಿ ಬರೆಯಿರಿ. ಆ ಪಟ್ಟಿ ತುಂಬಿದ ಮೇಲಷ್ಟೇ ಸಸ್ಯಕ್ಷೇತ್ರಕ್ಕೆ ಹೋಗಿ. ನಾಲ್ಕೇ ಮನೆಯವರು ಒಪ್ಪಿದರೆ ನಾಲ್ಕು ಮನೆಯವರು ಸಾಕಬಲ್ಲಷ್ಟೇ ಗಿಡಗಳನ್ನು ತನ್ನಿ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಇಂಥ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ಎರಡನೆಯದಾಗಿ, ಜಾಗದ ದಾಖಲೆಯನ್ನು ಕೈಗೆ ತಂದುಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ, ಪ್ರಾಧಿಕಾರವು ರಚಿಸುವ ಬಡಾವಣೆಯಲ್ಲಿ ಒಟ್ಟು ವಿಸ್ತೀರ್ಣದ ಕನಿಷ್ಠ ಶೇ 15ರಷ್ಟು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದಲ್ಲದೆ ಕನಿಷ್ಠ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಿರಬೇಕು. ಈ ಎರಡನ್ನೂ ಜನ ಒಂದೇ ಎಂದು ಭಾವಿಸಿ ಮೋಸಹೋಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಸಿ.ಎ. ನಿವೇಶನವಾದರೆ, ಅಂದರೆ ನಾಗರಿಕ ಸೌಲಭ್ಯದ ಜಾಗವಾದರೆ, ಅದನ್ನು ಶಾಲೆಗೋ ಆಸ್ಪತ್ರೆಗೋ ಹಂಚಿಕೆ ಮಾಡಲು ಅವಕಾಶವಿರುತ್ತದೆ. ಉದ್ಯಾನದ ಜಾಗಕ್ಕೆ ಆ ದಾರಿ ಇಲ್ಲ. ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಿಂಧುವಲ್ಲವೆಂದು ತೀರ್ಪು ನೀಡಿ, ಬಡಾವಣೆಯ ಬಯಲು ಜಾಗದ ಬಗ್ಗೆ ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆಯೆಂಬುದನ್ನು ಎತ್ತಿಹಿಡಿಯಿತು. ಆದ್ದರಿಂದ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆಯಿರಿ. ಪಾಲಿಕೆಯ ತೋಟಗಾರಿಕೆ ವಿಭಾಗದಿಂದ ನಿರ್ವಹಣೆಗೆ ಲಿಖಿತ ಅನುಮತಿಯನ್ನೂ ಪಡೆಯಿರಿ. ಜಾಗ ಸಾರ್ವಜನಿಕರದೇ ಆಗಿರುತ್ತದೆ, ಸೇವೆ ಮಾತ್ರ ನಿಮ್ಮದು. ಹೀಗಾಗಿ ಗೇಟಿಗೆ ಬೀಗ ಹಾಕುವ ಯೋಚನೆ ಬೇಡ. ಪಕ್ಕದ ಬೀದಿಯ ಮಕ್ಕಳು, ಮಧ್ಯಾಹ್ನ ನೆರಳಿಗೆ ಬಂದು ಬುತ್ತಿ ಬಿಚ್ಚುವ ಪೌರಕಾರ್ಮಿಕರು, ತಳ್ಳುಗಾಡಿಯವರು, ಇವರೆಲ್ಲರಿಗೂ ಒಳಗೆ ಬರಲು ಸಾಧ್ಯವಿದ್ದರೆ ಮಾತ್ರ ಅದು ಉದ್ಯಾನ.

ಇನ್ನು ಕಸ. ಹೋಗಲು ಬೇರೆ ದಾರಿಯಿಲ್ಲದ ಕಸ ನೀವು ಎಷ್ಟು ಸಲ ಬಳಿದರೂ ಅಲ್ಲಿಗೇ ಮರಳುತ್ತದೆ. ನಮ್ಮ ಬೀದಿಯಲ್ಲಿ ಮೊದಲು ಬೇಲಿ ಕಟ್ಟಿದೆವು. ಕಸ ಬೇಲಿಯ ಹೊರಮಗ್ಗುಲಿಗೆ ಬಿತ್ತು. ಆಮೇಲೆ ಎರಡು ವಾರ ಬೆಳಗಿನ ಐದೂವರೆಯಿಂದ ಎಂಟರವರೆಗೆ ಸರದಿಯಂತೆ ಅಲ್ಲಿ ನಿಂತು ನೋಡಿದಾಗ ತಿಳಿದುಬಂದದ್ದೇನೆಂದರೆ, ಕಸ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಕಸದ ಗಾಡಿ ಬರುವುದಕ್ಕೆ ಮುಂಚೆಯೇ ಕೆಲಸಕ್ಕೆ ಹೊರಡಬೇಕಾದ ಬಾಡಿಗೆದಾರರು. ಅವರಿಗೆ ಬೈಗುಳದಿಂದ ಪ್ರಯೋಜನವಿರಲಿಲ್ಲ. ಎರಡು ಮನೆಯವರು ತಮ್ಮ ಕಾಂಪೌಂಡಿನೊಳಗೆ ಅವರ ಬುಟ್ಟಿಗಳನ್ನು ಇಟ್ಟುಕೊಂಡು ಗಾಡಿಗೆ ಕೊಡಲು ಒಪ್ಪಿದ ಮೇಲೆ ಆ ರಾಶಿ ನಿಂತಿತು. ಹಸಿ ಕಸಕ್ಕೊಂದು, ತಿರಸ್ಕೃತ ಕಸಕ್ಕೊಂದು (ಡೈಪರ್, ಸ್ಯಾನಿಟರಿ ಪ್ಯಾಡ್‌ನಂಥವು) ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಪದ್ಧತಿಯನ್ನು ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿಯೇ ಬೆಂಗಳೂರಿಗೆ ಕಡ್ಡಾಯಗೊಳಿಸಿದೆ. ಅದನ್ನು ಪಾಲಿಸುವ ಬೀದಿಯಲ್ಲಿ ಬಯಲಿಗೆ ಬೀಳುವ ಕಸ ತಾನಾಗಿ ಇಳಿಯುತ್ತದೆ. ಗುಡಿಸಿದ ದಿನ ಅಲ್ಲಿ ರಂಗೋಲಿ ಹಾಕುವುದು ನಗರದ ಪೌರಕಾರ್ಮಿಕರು ರೂಢಿಸಿಕೊಂಡಿರುವ ಕ್ರಮ. ಅದೂ ಒಳ್ಳೆಯದೇ.

ಕೊನೆಯದು ಮಣ್ಣು. ಒಡೆದ ಗಾರೆ, ಸಿಮೆಂಟ್ ಬೆರೆತ ನೆಲದಲ್ಲಿ ಸುಣ್ಣದ ಅಂಶ ಹೆಚ್ಚಿ ಮಣ್ಣು ಕ್ಷಾರವಾಗುತ್ತದೆ. ಲಾರಿಗಳ ಭಾರಕ್ಕೆ ಗಟ್ಟಿಯಾದ ನೆಲದೊಳಗೆ ಬೇರು ಇಳಿಯುವುದಿಲ್ಲ, ನೀರೂ ಇಂಗುವುದಿಲ್ಲ. ನಿಮ್ಮ ಹಲವು ಸಸಿಗಳು ಇದರಿಂದಲೂ ಹೋಗಿರಬಹುದು. ಮೇಲಿನ ಅವಶೇಷವನ್ನು ಪೂರ್ತಿ ಸಾಗಿಸಿ, ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. 4,000 ಚದರ ಅಡಿಗೆ ಎಂಟು–ಹತ್ತು ಮರಗಳೇ ಸಾಕು. ಉಳಿದದ್ದು ಪೊದೆ, ಬಳ್ಳಿ, ಓಡಾಡುವ ಜಾಗ. 60 ಸಸಿಗಳು ಎಲ್ಲವೂ ಬದುಕಿದ್ದರೆ ಒಂದರ ಬೆಳಕನ್ನು ಇನ್ನೊಂದು ಕಸಿದುಕೊಳ್ಳುತ್ತಿದ್ದವು.

ಪ್ರಶ್ನೆ: ನಮ್ಮ ಓಣಿಯ ಉದ್ಯಾನಕ್ಕೆ ಹುಲ್ಲುಹಾಸು ಬೇಕೆಂದು ಕೆಲವರು, ನಡೆಯಲು ಅನುಕೂಲವಾಗುವಂತೆ ಪೂರ್ತಿ ಪೇವರ್ ಕಲ್ಲು ಹಾಸಬೇಕೆಂದು ಹಿರಿಯರು ಹೇಳುತ್ತಾರೆ. ಯಾವ ಮರಗಳು ಸೂಕ್ತ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ಬೇಡವೆನ್ನುತ್ತೇನೆ. ಹುಲ್ಲುಹಾಸು ಬೇಸಿಗೆಯಲ್ಲಿ ದಿನವೂ ನೀರು ಕೇಳುತ್ತದೆ, ಮಕ್ಕಳು ಆಡಿದರೆ ಉಳಿಯುವುದಿಲ್ಲ. ಉಳಿಸಬೇಕೆಂದರೆ ‘ಹುಲ್ಲಿನ ಮೇಲೆ ಕಾಲಿಡಬಾರದು’ ಎಂಬ ಫಲಕ ಬರುತ್ತದೆ. ಪೇವರ್ ಹಾಸಿದರೆ ಮಳೆನೀರು ಚರಂಡಿಗೆ ಹರಿದು, ಮರದ ಬೇರು ಉಸಿರುಗಟ್ಟುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಅಂತರದೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದು ಇದೇ ಕಾರಣದಿಂದ. ಹಿರಿಯರ ಬೇಡಿಕೆ ನ್ಯಾಯವಾದದ್ದು, ಅವರು ಎಡವಬಾರದು. ಅದಕ್ಕಾಗಿ ಸುತ್ತಲೂ ನಾಲ್ಕಡಿ ಅಗಲದ ಒಂದು ಸಮತಟ್ಟಾದ ದಾರಿಯನ್ನು ಗಟ್ಟಿಯಾಗಿ ಬಡಿದ ಗರಸಿನಿಂದ ಮಾಡಿ, ಅಲ್ಲಲ್ಲಿ ಬೆನ್ನಿಗೆ ಆಸರೆಯಿರುವ ಆಸನಗಳನ್ನು ಹಾಕಿಸಿ. ನಡುವಿನ ಜಾಗ ಬರಿ ಮಣ್ಣಾಗಿಯೇ ಇರಲಿ. ಮಕ್ಕಳಿಗೆ ಗೋಲಿಯಾಡಲು, ಕುಂಟೆಬಿಲ್ಲೆಯ ಮನೆ ಗೀಚಲು ಮಣ್ಣೇ ಬೇಕು.

ಮರಗಳ ವಿಷಯದಲ್ಲಿ ಜಿ.ಎಚ್. ಕ್ರುಂಬಿಗೆಲ್ ಅವರ ಒಂದು ವಿಚಾರವನ್ನು ನೆನಪಿಸುತ್ತೇನೆ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಈ ಜರ್ಮನ್ ತೋಟಗಾರಿಕಾ ತಜ್ಞರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಿ ವರ್ಷವಿಡೀ ಬೀದಿಗಳು ಬಣ್ಣದಿಂದಿರುವಂತೆ ಮರಗಳನ್ನು ಆರಿಸುತ್ತಿದ್ದರು. ಒಂದು ಓಣಿಯ ಉದ್ಯಾನಕ್ಕೂ ಇದು ಸಾಧ್ಯ: ಬೇಸಿಗೆಯ ಮೊದಲಿಗೆ ಮುತ್ತುಗ, ಅದರ ಹಿಂದೆಯೇ ಹೊಂಗೆ, ಏಪ್ರಿಲ್–ಮೇನಲ್ಲಿ ಕಕ್ಕೆ, ಮಳೆಗಾಲದ ಮುಂಚೆ ಹೊಳೆದಾಸವಾಳ, ಚಳಿಗಾಲದ ಹೊತ್ತಿಗೆ ಬಸವನಪಾದ. ಜತೆಗೊಂದು ರಂಜ, ಒಂದು ನೇರಳೆ ಇರಲಿ. ನೇರಳೆಯನ್ನು ನಡೆಯುವ ದಾರಿಯಿಂದ ದೂರ ನೆಡಿ. ಬಿದ್ದ ಹಣ್ಣಿನ ಕಲೆಯ ದೂರಿನಿಂದಲೇ ಎಷ್ಟೋ ನೇರಳೆಗಳು ಕೊಡಲಿಗೆ ಬಲಿಯಾಗಿವೆ. ಗುಲ್‌ಮೊಹರ್ ಸುಂದರವಾದರೂ ಅದು ಮಡಗಾಸ್ಕರ್‌ನಿಂದ ಬಂದದ್ದು. ಗಾಳಿಮಳೆಗೆ ಕೊಂಬೆ ಸುಲಭವಾಗಿ ಮುರಿಯುವುದರಿಂದ ಚಿಕ್ಕ ಜಾಗದಲ್ಲಿ ಬೇಡ. ಅರಳಿ, ಆಲಗಳ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಅವಕ್ಕೆ ಗುಂಡುತೋಪಿನಷ್ಟು ಅವಕಾಶ ಬೇಕು. ಚರಂಡಿಯ ಮಗ್ಗುಲಲ್ಲಿ ನೆಟ್ಟರೆ ಅವುಗಳ ಬೇರು ಗೋಡೆಯನ್ನೇ ಸೀಳುತ್ತದೆ. ಚಿಟ್ಟೆಗಳು ಬರಬೇಕೆಂದರೆ ಅವು ಮೊಟ್ಟೆಯಿಡುವ ಗಿಡಗಳು ಬೇಕು: ಕರಿಬೇವು, ನಿಂಬೆ, ಎಕ್ಕ, ಈಶ್ವರಿ ಬಳ್ಳಿ. ಹುಳು ಎಲೆ ತಿಂದಾಗ ಔಷಧಿ ಹೊಡೆಯಬೇಡಿ. ಆ ಹುಳುವೇ ಚಿಟ್ಟೆಯೆಂದು ಓಣಿಯ ಮಕ್ಕಳಿಗೆ ಮೊದಲೇ ತೋರಿಸಿದರೆ ಅವರೇ ಕಾವಲಿರುತ್ತಾರೆ.

ಪ್ರಶ್ನೆ: ಉದ್ಯಾನದ ಗಿಡಗಳಿಗಾಗಿ ಮನೆಯ ಹಸಿ ಕಸದಿಂದ ಗೊಬ್ಬರ ಮಾಡಲು ಹೊರಟೆ. ಎರಡೇ ವಾರದಲ್ಲಿ ವಾಸನೆ, ಹುಳು. ಅತ್ತೆಯವರು ಬುಟ್ಟಿಯನ್ನು ಹೊರಗೆ ಹಾಕೆನ್ನುತ್ತಿದ್ದಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಅತ್ತೆಯವರಿಗೆ ಒಂದು ತಿಂಗಳ ಅವಕಾಶ ಕೇಳಿ. ಗೊಬ್ಬರದ ಬುಟ್ಟಿ ನಾರುವುದು ನೀರು ಹೆಚ್ಚಾಗಿ ಗಾಳಿ ಕಡಿಮೆಯಾದಾಗ. ಆಗ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಬೇಯಿಸಿದ ಅನ್ನ, ಸಾರಿನ ಗಷ್ಟು, ಮಜ್ಜಿಗೆ ಇವನ್ನು ಸದ್ಯಕ್ಕೆ ಹಾಕಬೇಡಿ. ತರಕಾರಿ ಸಿಪ್ಪೆ, ಕಾಫಿಯ ಚರಟ, ದೇವರ ಮನೆಯ ಒಣಗಿದ ಹೂವು ಸಾಕು. ಒಂದು ಹಿಡಿ ಹಸಿ ಕಸದ ಮೇಲೆ ಎರಡು ಹಿಡಿಯಷ್ಟು ಪುಡಿ ಮಾಡಿದ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಉದುರಿಸಿ, ವಾರಕ್ಕೆ ಎರಡು ಬಾರಿ ಮೇಲೆ ಕೆಳಗೆ ಮಾಡಿ. ಹಿಂಡಿದರೆ ಅಂಗೈ ತೇವವಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಬುಟ್ಟಿಯ ಬಾಯಿಗೆ ಹಳೆಯ ಹತ್ತಿ ಸೀರೆಯ ತುಂಡು ಕಟ್ಟಿದರೆ ನೊಣ ಬರುವುದಿಲ್ಲ. ಇದರಲ್ಲಿ ಕಾಣುವ ಬಿಳಿ ಹುಳುಗಳಿಂದ ತೊಂದರೆಯಿಲ್ಲ, ಒಣ ಎಲೆ ಹೆಚ್ಚಿಸಿದರೆ ಕಡಿಮೆಯಾಗುತ್ತವೆ. ಸುಮಾರು ಎರಡು ತಿಂಗಳಲ್ಲಿ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಪುಡಿ ಸಿಗುತ್ತದೆ. ಅದರಲ್ಲಿ ಒಂದು ಬೊಗಸೆಯನ್ನು ಮೊದಲು ಅತ್ತೆಯವರ ತುಳಸಿಗೇ ಹಾಕಿ.

ಉದ್ಯಾನದ ತರಗೆಲೆಗಳಿಗೆ ಬುಟ್ಟಿ ಸಾಲದು. ಕೋಳಿಗೂಡಿಗೆ ಬಳಸುವ ಜಾಲರಿಯನ್ನು ಮೂರಡಿ ಅಗಲದ ಕಣಜದಂತೆ ಸುತ್ತಿ ನಿಲ್ಲಿಸಿ, ಎಲೆ ತುಂಬಿ, ನಡುವೆ ಸಗಣಿ ನೀರು ಚಿಮುಕಿಸಿ ತುಳಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಎಲೆಗೆ ಬೆಂಕಿ ಹಚ್ಚುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಹೋಗಿಲ್ಲ. ಪಕ್ಕದ ಮನೆಯ ಉಬ್ಬಸದ ರೋಗಿಗೆ ಅದೆಷ್ಟು ಹಿಂಸೆಯೆಂಬುದನ್ನು ಕಂಡಿರುವ ನನಗೆ ಈ ವಿಷಯದಲ್ಲಿ ತಾಳ್ಮೆಯಿಲ್ಲ.

ಪ್ರಶ್ನೆ: ಕುಡಿಯುವ ನೀರಿಗೇ ತೊಂದರೆಯಿರುವಾಗ ಉದ್ಯಾನಕ್ಕೆ ನೀರು ಹಾಕುವುದು ಸರಿಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕುಡಿಯುವ ನೀರನ್ನು ಹಾಕುವುದು ಖಂಡಿತ ಸರಿಯಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಬೇಕಾಯಿತು. ಆದರೆ ನಮ್ಮ ತಲೆಯ ಮೇಲೆ ಬೀಳುವ ನೀರಿನ ಲೆಕ್ಕವನ್ನು ನಾವು ಹಾಕುವುದೇ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೊದಲ ಪ್ರಶ್ನೆಯಲ್ಲಿ ಬಂದ 4,000 ಚದರ ಅಡಿಯ ಜಾಗವೆಂದರೆ ಸುಮಾರು 370 ಚದರ ಮೀಟರ್. 20 ಮಿಲಿಮೀಟರಿನ ಒಂದು ಮಳೆಗೆ ಅಲ್ಲಿ ಬೀಳುವುದು 7,400 ಲೀಟರ್. ಇದು ಒಂದು ಸಣ್ಣ ಟ್ಯಾಂಕರಿಗಿಂತ ಕಡಿಮೆಯಲ್ಲ. ಜಾಗದ ಇಳಿಜಾರಿನ ಮೂಲೆಯಲ್ಲಿ ಇಂಗುಗುಂಡಿ ತೋಡಿ, ಪ್ರತಿ ಗಿಡಕ್ಕೂ ಅಗಲವಾದ ಪಾತಿ ಮಾಡಿ, ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆಯ ಹೊದಿಕೆ ಹಾಕಿದರೆ ತೇವ ಬಹಳ ದಿನ ಉಳಿಯುತ್ತದೆ. ಎಳೆಯ ಗಿಡದ ಪಕ್ಕದಲ್ಲಿ ಕುಂಬಾರರಿಂದ ತಂದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಅದು ಒಸರಿ ಬೇರಿಗೆ ಮಾತ್ರ ನೀರು ಕೊಡುತ್ತದೆ. ಬೇಸಿಗೆಯ ಸರದಿಯವರು ಅಕ್ಕಿ, ತರಕಾರಿ ತೊಳೆದ ನೀರನ್ನು ಒಂದು ಬಿಂದಿಗೆಯಲ್ಲಿ ಹಿಡಿದಿಟ್ಟು ತರಲಿ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನೇ ನಿತ್ಯ ಹಾಕಬೇಡಿ, ನೆಲ ಒರೆಸಲು ಬಳಸಿ.

ಪ್ರಶ್ನೆ: ನಮ್ಮ ಉದ್ಯಾನದ ಹೊಂಗೆಯ ಕೊಂಬೆಗಳು ವಿದ್ಯುತ್ ತಂತಿಗೆ ತಾಗುತ್ತಿವೆ. ನಾವೇ ಕಡಿಯಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ತಂತಿಯ ಅಪಾಯ ಒಂದು ಕಾರಣವಾದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇನ್ನೊಂದು. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ವಿದ್ಯುತ್ ಕಂಪನಿಗೂ ಅರಣ್ಯ ಇಲಾಖೆಗೂ ಬರವಣಿಗೆಯಲ್ಲಿ ತಿಳಿಸಿ, ಅವರ ಸಿಬ್ಬಂದಿ ಬಂದ ದಿನ ನಿಮ್ಮಲ್ಲಿ ಇಬ್ಬರಾದರೂ ಜತೆಗೆ ನಿಂತು, ತಾಗುವ ಕೊಂಬೆಗಳನ್ನು ಮಾತ್ರ ತೆಗೆಯುವಂತೆ ಕೇಳಿಕೊಳ್ಳಿ. ಯಾರೂ ನಿಲ್ಲದ ಕಡೆ ಒಂದೇ ಮಗ್ಗುಲನ್ನು ಬೋಳಿಸಿ ಹೋಗುತ್ತಾರೆ, ಮುಂದಿನ ಗಾಳಿಗೆ ಮರ ಇನ್ನೊಂದು ಕಡೆಯ ಭಾರ ತಾಳದೆ ವಾಲುತ್ತದೆ. ಕಡಿದ ಸೊಪ್ಪನ್ನು ಲಾರಿಗೆ ಹಾಕಲು ಬಿಡಬೇಡಿ. ಹೊಂಗೆಯ ಸೊಪ್ಪು ಹಿಂದಿನಿಂದಲೂ ರೈತರು ಗದ್ದೆಗೆ ತುಳಿಯುತ್ತಿದ್ದ ಹಸಿರು ಗೊಬ್ಬರ. ಅದೇ ಮರದ ಪಾತಿಗೆ ಹರಡಿ, ದಪ್ಪ ಕೊಂಬೆಗಳನ್ನು ದಾರಿಯ ಅಂಚಿಗೆ ಸಾಲಾಗಿ ಜೋಡಿಸಿಡಿ.