ಓದುಗರ ಪ್ರಶ್ನೆ: ಸ್ಕೈರಿಮ್‌ನಲ್ಲಿ ಯಾವುದು ಚೆಂದ, ಎಲ್ಲಿ ತೊಂದರೆ

‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’ ಬಂದದ್ದು 2011ರ ನವೆಂಬರ್ 11ರಂದು. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ತಯಾರಿಸಿದ ಈ ವಿಡಿಯೊ ಗೇಮ್ ಬಗ್ಗೆ ಇಷ್ಟು ವರ್ಷ ಕಳೆದರೂ ಪ್ರಶ್ನೆಗಳು ಬರುತ್ತಲೇ ಇವೆ. ಹೊಸದಾಗಿ ಶುರು ಮಾಡುವವರು, ನಡುವೆ ಸಿಕ್ಕಿಕೊಂಡವರು, ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ಫೈಲ್) ಹಾಕಲು ಹೋಗಿ ಆಟ ಕೆಡಿಸಿಕೊಂಡವರು, ಮೂರೂ ಬಗೆಯವರಿಗೆ ಈ ಸಲ ಉತ್ತರವಿದೆ.

ಪ್ರಶ್ನೆ: ಇಷ್ಟು ಹಳೆಯ ಆಟಕ್ಕೆ ಈಗ ದುಡ್ಡು ಹಾಕಬಹುದೇ? ಯಾವ ಆವೃತ್ತಿ ಕೊಳ್ಳಬೇಕು? ನನ್ನದು 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್.
— ಓದುಗರು, ದಾವಣಗೆರೆ

ಖಂಡಿತ ಹಾಕಬಹುದು. 2016ರಲ್ಲಿ ಬಂದ ಸ್ಪೆಷಲ್ ಎಡಿಷನ್ ತೆಗೆದುಕೊಳ್ಳಿ. ಅದು 64 ಬಿಟ್‌ನದು. 2011ರ ಮೂಲ ಆವೃತ್ತಿ 32 ಬಿಟ್‌ನದಾದ್ದರಿಂದ ಎಷ್ಟೇ ರ್‍ಯಾಮ್ ಇದ್ದರೂ 4 ಜಿಬಿ ದಾಟಿ ಬಳಸಲಾರದು. ಸ್ಪೆಷಲ್ ಎಡಿಷನ್‌ಗೆ ಕಂಪನಿ ಹೇಳುವ ಕನಿಷ್ಠ ಅಗತ್ಯ ಇಂಟೆಲ್ ಐ5-750 ಪ್ರೊಸೆಸರ್, 8 ಜಿಬಿ ರ್‍ಯಾಮ್, 12 ಜಿಬಿ ಜಾಗ, ಜಿಟಿಎಕ್ಸ್ 470 ಅಥವಾ ಎಚ್‌ಡಿ 7870 ಮಟ್ಟದ ಗ್ರಾಫಿಕ್ಸ್ ಕಾರ್ಡ್. ಪ್ರತ್ಯೇಕ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ಮೊದಲು ನೆರಳಿನ ಗುಣಮಟ್ಟ ಇಳಿಸಿ, ಆಮೇಲೆ ರೆಸಲ್ಯೂಷನ್. ಈ ಆಟದಲ್ಲಿ ಅತಿ ಹೆಚ್ಚು ಭಾರ ಹಾಕುವುದು ನೆರಳು. 2021ರ ಆ್ಯನಿವರ್ಸರಿ ಎಡಿಷನ್‌ನ ಹೆಚ್ಚುವರಿ ಸರಕು ಮೊದಲ ಸಲ ಆಡುವವರಿಗೆ ಬೇಡ. ಶುರುವಿನಲ್ಲೇ ಜರ್ನಲ್ ತುಂಬ ಕ್ವೆಸ್ಟ್‌ಗಳು (ಮಾಡಬೇಕಾದ ಕೆಲಸಗಳು) ತುಂಬಿಕೊಂಡು ಮೂಲ ಆಟದ ಹದವೇ ಸಿಗುವುದಿಲ್ಲ.

ಇನ್ನು ಈ ಆಟದ ಶಕ್ತಿ ಎಲ್ಲಿದೆ ಎಂದರೆ, ನಡೆಯುವುದರಲ್ಲಿ. ಆಟ ಶುರುವಾಗುವ ಹೆಲ್ಗೆನ್‌ನಿಂದ ತಪ್ಪಿಸಿಕೊಂಡು ರಿವರ್‌ವುಡ್ ಹಳ್ಳಿಗೆ ಬಂದಾಗ ನದಿಯಾಚೆಯ ಬೆಟ್ಟದ ಮೇಲೆ ಕಲ್ಲಿನ ಕಮಾನುಗಳು ಕಾಣುತ್ತವೆ. ಅದೇ ಬ್ಲೀಕ್ ಫಾಲ್ಸ್ ಬ್ಯಾರೊ ಎಂಬ ಹಳೆಯ ಸಮಾಧಿ. ಯಾರೂ ಕಳಿಸದಿದ್ದರೂ ಕಾಲು ತಾನಾಗಿ ಅತ್ತ ಹೋಗುತ್ತದೆ. ಒಳಗೆ ಮೂರು ಸುತ್ತಿನ ಕಲ್ಲುಬಾಗಿಲು ಎದುರಾಗುತ್ತದೆ, ಹೇಗೆ ತೆರೆಯಬೇಕೆಂದು ಯಾರೂ ಹೇಳುವುದಿಲ್ಲ. ಕೈಗೆ ಸಿಕ್ಕ ಚಿನ್ನದ ಪಂಜವನ್ನು ಇನ್ವೆಂಟರಿಯಲ್ಲಿ (ಹೊತ್ತ ಸಾಮಾನಿನ ಪಟ್ಟಿ) ತಿರುಗಿಸಿ ಅಂಗೈ ನೋಡಿದರೆ ಅಲ್ಲೇ ಕೆತ್ತಿದೆ: ಹೊರಗಿನಿಂದ ಒಳಕ್ಕೆ ಕರಡಿ, ಪತಂಗ, ಗೂಬೆ. ಒಂದು ವಸ್ತುವನ್ನು ಕಣ್ಣಿಟ್ಟು ನೋಡಿದ್ದಕ್ಕೆ ಬಾಗಿಲು ತೆರೆಯುತ್ತದೆಯಲ್ಲ, ಇಂಥ ಕಡೆ ಸ್ಕೈರಿಮ್ ನಿಜಕ್ಕೂ ದೊಡ್ಡ ಆಟ. ಕೊನೆಯ ಕೋಣೆಯಿಂದ ಹೊರಬೀಳಲು ಬೇರೆ ದಾರಿಯೂ ಇರುತ್ತದೆ, ಬಂದ ದಾರಿಯಲ್ಲೇ ಅಷ್ಟುದ್ದ ವಾಪಸು ನಡೆಯಬೇಕಿಲ್ಲ.

ಹಾಗಾಗಿ ಶುರುವಿನಲ್ಲಿ ಫಾಸ್ಟ್ ಟ್ರಾವೆಲ್ (ನಕ್ಷೆಯಿಂದ ನೇರ ಹಾರುವುದು) ಮುಟ್ಟಬೇಡಿ. ದೂರದ ಊರಿಗೆ ವೈಟ್‌ರನ್ ಪಟ್ಟಣದ ಲಾಯದ ಹೊರಗೆ ನಿಂತಿರುವ ಗಾಡಿ ಹತ್ತಿ. ದೊಡ್ಡ ಪಟ್ಟಣಗಳಿಗೆ 20 ಚಿನ್ನದ ನಾಣ್ಯ. ಡ್ರ್ಯಾಗನ್‌ಗಳ ಕಾಟವಿಲ್ಲದೆ ಕೆಲವು ದಿನ ತಿರುಗಬೇಕೆಂದರೆ, ಬ್ಯಾರೊದಲ್ಲಿ ಸಿಗುವ ಡ್ರ್ಯಾಗನ್‌ಸ್ಟೋನನ್ನು ಮಾಂತ್ರಿಕ ಫರೆಂಗಾರ್‌ಗೆ ಕೊಡದೆ ಇಟ್ಟುಕೊಳ್ಳಿ. ‘ಡ್ರ್ಯಾಗನ್ ರೈಸಿಂಗ್’ ಕ್ವೆಸ್ಟ್ ಆಗುವ ತನಕ ಅವು ಎಲ್ಲೆಂದರಲ್ಲಿ ಬಂದೆರಗುವುದಿಲ್ಲ. ಆದರೆ ಡ್ರ್ಯಾಗನ್ ಆತ್ಮ ಸಿಗದೆ ಶೌಟ್‌ಗಳೂ (ಕೂಗಿನ ಮಂತ್ರಗಳು) ತೆರೆಯುವುದಿಲ್ಲ ಎನ್ನುವುದು ನೆನಪಿರಲಿ.

ಪ್ರಶ್ನೆ: ನಾನೀಗ 20ನೇ ಲೆವೆಲ್. ಪಿಕ್‌ಪಾಕೆಟ್ 100, ಸ್ಪೀಚ್ 60 ದಾಟಿದೆ, ಒನ್-ಹ್ಯಾಂಡೆಡ್ (ಒಂದು ಕೈಯ ಆಯುಧ) ಮಾತ್ರ 30. ಮೊದಲು ಸುಲಭವಾಗಿ ಸಾಯುತ್ತಿದ್ದ ಡಕಾಯಿತರು ಈಗ ಎರಡೇ ಏಟಿಗೆ ಮುಗಿಸುತ್ತಾರೆ. ಲೆವೆಲ್ ಏರಿದಷ್ಟೂ ಬಲ ಕುಗ್ಗುವುದೆಂದರೇನು?
— ಓದುಗರು, ಹುಬ್ಬಳ್ಳಿ

ನಿಮ್ಮ ಕೈಚಳಕದಲ್ಲಿ ಕೊರತೆಯಿಲ್ಲ. ಈ ಆಟದ ಅತಿ ದೊಡ್ಡ ಲೋಪ ಇದೇ. ಲೆಕ್ಕ ನೋಡಿ. ಯಾವ ಸ್ಕಿಲ್ (ಕೌಶಲ) ಒಂದು ಅಂಕ ಏರಿದರೂ, ಏರಿದ ನಂತರದ ಸಂಖ್ಯೆಯಷ್ಟು ಅನುಭವ ಪಾತ್ರದ ಖಾತೆಗೆ ಜಮಾ. 49ರಿಂದ 50ಕ್ಕೆ ಹೋದರೆ 50. ಮುಂದಿನ ಲೆವೆಲ್‌ಗೆ ಬೇಕಾದದ್ದು, ಈಗಿನ ಲೆವೆಲ್‌ಗೆ 3 ಸೇರಿಸಿ 25ರಿಂದ ಗುಣಿಸಿದಷ್ಟು. 1ರಿಂದ 2ಕ್ಕೆ 100, 2ರಿಂದ 3ಕ್ಕೆ 125, ಹೀಗೆ. ಒಂದೇ ಒಂದು ಸ್ಕಿಲ್ಲನ್ನು 15ರಿಂದ 100ಕ್ಕೆ ಒಯ್ದರೆ ಒಟ್ಟು 4,930 ಜಮಾ ಆಗುತ್ತದೆ. ಬೇರೇನೂ ಮಾಡದೆ ಅಷ್ಟರಿಂದಲೇ ನೀವು 17ನೇ ಲೆವೆಲ್ ತಲುಪುತ್ತೀರಿ. ಜೇಬು ಕತ್ತರಿಸಿ ಬಂದ 17 ಆಗಲಿ, ಕತ್ತಿ ಬೀಸಿ ಬಂದ 17 ಆಗಲಿ, ಆಟಕ್ಕೆ ಎರಡೂ ಒಂದೇ.

ಶತ್ರುಗಳು ಮಾತ್ರ ಆ ಸಂಖ್ಯೆಯನ್ನೇ ನೋಡಿ ಬರುತ್ತಾರೆ. ಡಕಾಯಿತರಲ್ಲಿ 1ನೇ ಲೆವೆಲ್‌ನ ಸಾದಾ ಬ್ಯಾಂಡಿಟ್‌ನಿಂದ ಔಟ್‌ಲಾ 5, ಥಗ್ 9, ಹೈವೇಮನ್ 14, ಪ್ಲಂಡರರ್ 19, ಮರಾಡರ್ 25 ಎಂದು ಮೆಟ್ಟಿಲುಗಳಿವೆ. ಡ್ರಾಗರ್‌ಗಳಲ್ಲಿ (ಸಮಾಧಿಯಿಂದ ಎದ್ದ ಹೆಣಗಳು) 13ಕ್ಕೆ ವೈಟ್, 21ಕ್ಕೆ ಸ್ಕರ್ಜ್, 30ಕ್ಕೆ ಡೆತ್‌ಲಾರ್ಡ್. ನಿಮ್ಮೆದುರು ಈಗ ಪ್ಲಂಡರರ್ ನಿಂತಿದ್ದಾನೆ, ನಿಮ್ಮ ಕತ್ತಿ ಇನ್ನೂ ಸಾದಾ ಬ್ಯಾಂಡಿಟ್‌ನ ಕಾಲದ್ದು.

ಹೊಸ ಆಟ ಶುರು ಮಾಡಬೇಕಿಲ್ಲ. ಸ್ಕಿಲ್ ಪರದೆಯಲ್ಲಿ ಪಿಕ್‌ಪಾಕೆಟ್ ಮೇಲೆ ನಿಂತು ಅದನ್ನು ‘ಲೆಜೆಂಡರಿ’ ಮಾಡಿ. 100 ಮುಟ್ಟಿದ ಸ್ಕಿಲ್‌ಗೆ ಮಾತ್ರ ಈ ಅವಕಾಶ. ಸ್ಕಿಲ್ 15ಕ್ಕೆ ಇಳಿಯುತ್ತದೆ, ನಿಮ್ಮ ಲೆವೆಲ್ ಹಾಗೇ ಇರುತ್ತದೆ, ಅದರಲ್ಲಿ ಹಾಕಿದ್ದ ಪರ್ಕ್‌ಗಳೆಲ್ಲ (ಸ್ಕಿಲ್‌ಗೆ ಬಲ ಕೊಡುವ ಹೆಚ್ಚುವರಿ ಗುಣಗಳು) ಕೈಗೆ ವಾಪಸು. ಅವುಗಳಲ್ಲಿ ಎರಡನ್ನು ಒನ್-ಹ್ಯಾಂಡೆಡ್‌ನ ಆರ್ಮ್ಸ್‌ಮನ್‌ಗೆ ಹಾಕಿ. ಒಂದೊಂದು ಹಂತಕ್ಕೂ ಏಟಿನ ಬಲ ಶೇ 20 ಏರುತ್ತದೆ. ಮೂರನೇ ಹಂತಕ್ಕೆ ಸ್ಕಿಲ್ 40 ಬೇಕು, ಅದಕ್ಕೆ ದುಡ್ಡು ಕೊಟ್ಟು ತರಬೇತಿ ತೆಗೆದುಕೊಳ್ಳಿ. ಪ್ರತಿ ಲೆವೆಲ್‌ಗೆ 5 ಪಾಠ ಸಿಗುತ್ತದೆ. ಉಳಿದ ಪರ್ಕ್‌ಗಳಲ್ಲಿ ಒಂದೆರಡು ತೊಟ್ಟಿರುವ ಕವಚಕ್ಕೆ, ಒಂದು ಸ್ಮಿಥಿಂಗ್ (ಕಮ್ಮಾರಿಕೆ) ಸ್ಕಿಲ್‌ನ ಸ್ಟೀಲ್‌ಗೆ. ಸಾಣೆಕಲ್ಲಿನಲ್ಲಿ ಕತ್ತಿ, ವರ್ಕ್‌ಬೆಂಚಿನಲ್ಲಿ ಕವಚ ಸುಧಾರಿಸಿಕೊಂಡರೆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಕಠಿಣತೆಯನ್ನು ಅಡೆಪ್ಟ್ ಹಂತದಲ್ಲೇ ಇಡಿ. ಅಲ್ಲಿ ಕೊಡುವ ಏಟೂ ತಿನ್ನುವ ಏಟೂ ಇದ್ದದ್ದು ಇದ್ದಂತೆ. ಮಾಸ್ಟರ್‌ನಲ್ಲಿ ನೀವು ಕೊಡುವುದು ಅರ್ಧ, ತಿನ್ನುವುದು ಎರಡರಷ್ಟು. ಲೆಜೆಂಡರಿಯಲ್ಲಿ ಕೊಡುವುದು ಕಾಲು ಭಾಗ, ತಿನ್ನುವುದು ಮೂರರಷ್ಟು. ಶತ್ರುವಿನ ಬುದ್ಧಿ ಒಂದಿಷ್ಟೂ ಚುರುಕಾಗುವುದಿಲ್ಲ, ಹೊಡೆದಾಟ ಉದ್ದವಾಗುತ್ತದೆ ಅಷ್ಟೆ. ಇಂಥ ಕಠಿಣತೆಯಲ್ಲಿ ಸವಾಲು ಕಡಿಮೆ, ಬೇಸರ ಜಾಸ್ತಿ.

ಪ್ರಶ್ನೆ: ಥೀವ್ಸ್ ಗಿಲ್ಡ್ ಕತೆಯಲ್ಲಿ ಚಿಲ್‌ರೆಂಡ್ ಕತ್ತಿ ಬೇಗ ತೆಗೆದುಕೊಂಡರೆ ನಷ್ಟವೆಂದು ಗೆಳೆಯರು ಹೇಳುತ್ತಾರೆ, ನಿಜವೇ?
— ಓದುಗರು, ಮಂಗಳೂರು

ನಿಜ. ಆ ಕತ್ತಿಯ ಬಲ ಕೈಗೆ ಬಂದಾಗಿನ ಲೆವೆಲ್‌ಗೆ ಗಂಟುಬೀಳುತ್ತದೆ, ಮುಂದೆ ತಾನಾಗಿ ಬೆಳೆಯುವುದಿಲ್ಲ. ಅದರ ಅತ್ಯುತ್ತಮ ರೂಪ 46ನೇ ಲೆವೆಲ್‌ನಿಂದ ಮೇಲೆ. ನೈಟಿಂಗೇಲ್ ಕವಚಕ್ಕೆ 32. ಕತೆ ಬಿಸಿಯಾಗಿರುವಾಗ ಅದನ್ನು ಬಿಟ್ಟು ಲೆವೆಲ್ ಏರಿಸಿಕೊಂಡು ಬಾ ಎನ್ನುವ ಈ ಏರ್ಪಾಡು ತಪ್ಪು. ಕತೆಯನ್ನೇ ಮುಂದುವರಿಸಿ, ಕತ್ತಿಯನ್ನು ಸಾಣೆಕಲ್ಲಿನಲ್ಲಿ ಸುಧಾರಿಸಿಕೊಳ್ಳಿ.

ಪ್ರಶ್ನೆ: ಬೆಂಕಿಯ ಮಾಂತ್ರಿಕನಾಗಿ ಆಡುತ್ತಿದ್ದೇನೆ. 30ನೇ ಲೆವೆಲ್ ಆದ ಮೇಲೆ ಮ್ಯಾಜಿಕಾ (ಮಂತ್ರದ ಶಕ್ತಿ) ಬರಿದಾಗುತ್ತದೆ, ಶತ್ರು ಮಾತ್ರ ನಿಂತೇ ಇರುತ್ತಾನೆ. ಡಿಸ್ಟ್ರಕ್ಷನ್ (ದಾಳಿ ಮಂತ್ರಗಳ) ಸ್ಕಿಲ್ ಏರಿಸಿದ್ದು ಎಲ್ಲಿ ಹೋಯಿತು?
— ಓದುಗರು, ಮೈಸೂರು

ಖರ್ಚು ಇಳಿಸುವುದಕ್ಕೆ ಹೋಯಿತು. ಡಿಸ್ಟ್ರಕ್ಷನ್ ಏರಿದರೆ ಮಂತ್ರಕ್ಕೆ ಬೇಕಾಗುವ ಮ್ಯಾಜಿಕಾ ಕಡಿಮೆಯಾಗುತ್ತದೆ, ಏಟಿನ ಬಲ ಏರುವುದಿಲ್ಲ. ಫೈರ್‌ಬೋಲ್ಟ್ ಮಂತ್ರ 25ರ ಏಟು. ಆಗ್ಮೆಂಟೆಡ್ ಫ್ಲೇಮ್ಸ್ ಪರ್ಕ್‌ನ ಎರಡೂ ಹಂತ ಹಾಕಿದರೆ ಶೇ 50 ಹೆಚ್ಚು, ಅಂದರೆ 37.5. ಇನ್ಸಿನರೇಟ್ 60ರದ್ದು, ಅದೇ ಪರ್ಕ್‌ಗಳಿಂದ 90. ಹೆಚ್ಚುಕಡಿಮೆ ಅಲ್ಲಿಗೆ ನಿಂತಿತು. ಕತ್ತಿ ಹಿಡಿದವರಿಗೆ ಸ್ಕಿಲ್, ಪರ್ಕ್, ಸ್ಮಿಥಿಂಗ್, ಎನ್‌ಚಾಂಟಿಂಗ್ (ವಸ್ತುವಿಗೆ ಮಂತ್ರ ತುಂಬುವುದು) ನಾಲ್ಕೂ ಸೇರಿ ಬಲ ಏರುತ್ತಲೇ ಹೋಗುತ್ತದೆ. ಮಾಂತ್ರಿಕರಿಗೆ ಆದ ಅನ್ಯಾಯ ಇದು.

ದಾರಿ ಮೂರಿವೆ. ಮೊದಲನೆಯದು ಇಂಪ್ಯಾಕ್ಟ್ ಪರ್ಕ್. ಡಿಸ್ಟ್ರಕ್ಷನ್ 40 ಆಗಿ, ಡ್ಯುಯಲ್ ಕಾಸ್ಟಿಂಗ್ ಪರ್ಕ್ ಇದ್ದರೆ ಸಿಗುತ್ತದೆ. ಎರಡೂ ಕೈಯಲ್ಲಿ ಒಂದೇ ಮಂತ್ರ ಸೇರಿಸಿ ಎಸೆದರೆ ಹೆಚ್ಚಿನ ಶತ್ರುಗಳು ತತ್ತರಿಸಿ ಹಿಂದೆ ಸರಿಯುತ್ತಾರೆ. ಎರಡನೆಯದು ಮದ್ದು. ಫಾರ್ಟಿಫೈ ಡಿಸ್ಟ್ರಕ್ಷನ್ ಮದ್ದು ಕುಡಿದರೆ ಏಟಿನ ಬಲವೇ ಏರುತ್ತದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ನೈಟ್‌ಶೇಡ್ ಹೂವಿಗೆ ಬೀಹೈವ್ ಹಸ್ಕ್ ಸೇರಿಸಿ ಮಾಡಿ. ನೈಟ್‌ಶೇಡ್‌ಗೆ ಗ್ಲೋ ಡಸ್ಟ್ ಸೇರಿಸಬೇಡಿ. ಎರಡರಲ್ಲೂ ಮ್ಯಾಜಿಕಾ ಚೇತರಿಕೆ ಕುಗ್ಗಿಸುವ ಗುಣವಿದೆ, ಅದೂ ಮದ್ದಿನೊಳಗೆ ಬಂದು ಕೂರುತ್ತದೆ. ಮೂರನೆಯದು ಎನ್‌ಚಾಂಟಿಂಗ್. ಸ್ಕಿಲ್ 100 ಮಾಡಿ, ಪರ್ಕ್‌ಗಳನ್ನು ಹಾಕಿ, ತುಂಬಿದ ಗ್ರ್ಯಾಂಡ್ ಸೋಲ್ ಜೆಮ್ (ಆತ್ಮ ಹಿಡಿದಿಡುವ ಹರಳು) ಬಳಸಿದರೆ ಒಂದು ವಸ್ತುವಿನಲ್ಲಿ ಶೇ 25 ಖರ್ಚು ಕಡಿತ ಸಿಗುತ್ತದೆ. ತಲೆ, ಮೈ, ಉಂಗುರ, ಸರ, ನಾಲ್ಕೂ ಸೇರಿದರೆ ಮಂತ್ರ ಪೂರ್ತಿ ಉಚಿತ. ಅಲ್ಲಿಗೆ ಹೋದರೆ ಮ್ಯಾಜಿಕಾ ಎನ್ನುವುದಕ್ಕೆ ಅರ್ಥವೇ ಉಳಿಯದು. ಎರಡು ವಸ್ತುಗಳಿಗೆ ನಿಲ್ಲಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಆಟದ ಬಿಗಿಯೂ ಉಳಿಯುತ್ತದೆ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ. ಯಾವ ಮನೆಯೊಳಗೆ ಹೋದರೂ ತಟ್ಟೆ, ಬುಟ್ಟಿ ಎಲ್ಲ ಎಗರಿ ಬೀಳುತ್ತವೆ.
— ಓದುಗರು, ಬೆಂಗಳೂರು

ಈ ಆಟದ ಭೌತಿಕ ಚಲನೆಯ ಲೆಕ್ಕ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿದ್ದು. ಅದು ದಾಟಿದರೆ ವಸ್ತುಗಳು ಹಾರುತ್ತವೆ. ಗ್ರಾಫಿಕ್ಸ್ ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಕೈರಿಮ್‌ಗೆ ಮಾತ್ರ ಗರಿಷ್ಠ ಫ್ರೇಮ್ 60 ಎಂದು ಹಾಕಿ. 144 ಬೇಕೇಬೇಕು ಎಂದರೆ ‘ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್’ ಎಂಬ ಮಾಡ್ ಆ ಕಟ್ಟು ಬಿಡಿಸುತ್ತದೆ.

ಪ್ರಶ್ನೆ: ತೊಂಬತ್ತು ಮಾಡ್ ಹಾಕಿದ್ದೆ. ಇಷ್ಟವಾಗದ ಕೆಲವನ್ನು ನಡುವೆ ತೆಗೆದೆ. ಈಗ ಸೇವ್ ತೆರೆದರೆ ಆಟ ಮುಚ್ಚಿಕೊಳ್ಳುತ್ತದೆ.
— ಓದುಗರು, ಕಲಬುರಗಿ

ತೆಗೆದದ್ದೇ ಕಾರಣ. ಸ್ಕ್ರಿಪ್ಟ್ ಇರುವ ಮಾಡ್ ತನ್ನ ಕೆಲಸದ ವಿವರವನ್ನು ಸೇವ್ ಫೈಲ್‌ನೊಳಗೇ ಬರೆದಿಡುತ್ತದೆ. ಮಾಡ್ ಹೋದರೂ ಆ ಬರಹ ಉಳಿದು, ಇಲ್ಲದ ಫೈಲನ್ನು ಹುಡುಕುತ್ತದೆ. ಬಣ್ಣ, ಆಕೃತಿ ಬದಲಿಸುವ ಟೆಕ್ಸ್‌ಚರ್, ಮೆಶ್ ಮಾಡ್‌ಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು. ಕ್ವೆಸ್ಟ್, ಯುದ್ಧ, ಹಸಿವು-ಚಳಿ ಇಂಥವನ್ನು ಸೇರಿಸುವ ಮಾಡ್‌ಗಳನ್ನು ಆ ಆಟ ಮುಗಿಯುವ ತನಕ ಮುಟ್ಟಬಾರದು. ಈಗ ತೆಗೆದವನ್ನೆಲ್ಲ ಅದೇ ಆವೃತ್ತಿಯಲ್ಲಿ ವಾಪಸು ಹಾಕಿ ನೋಡಿ. ಆಗಲೂ ತೆರೆಯದಿದ್ದರೆ ತೆಗೆಯುವ ಮೊದಲಿನ ಸೇವ್‌ಗೆ ಹೋಗಬೇಕು, ಬೇರೆ ದಾರಿಯಿಲ್ಲ.

ಮುಂದಿನ ಸಲಕ್ಕೆ ಕ್ರಮ ಹೀಗಿರಲಿ. ಆಟವನ್ನು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನ ಹೊರಗೆ ಇನ್‌ಸ್ಟಾಲ್ ಮಾಡಿ, ಒಂದು ಸಲ ಹಾಗೇ ತೆರೆದು ಮುಚ್ಚಿ. ಸ್ಟೀಮ್‌ನಲ್ಲಿ ಅಪ್‌ಡೇಟನ್ನು ‘ಆಟ ತೆರೆದಾಗ ಮಾತ್ರ’ ಎಂದಿಡಿ. ಆಮೇಲೆ ಎಸ್‌ಕೆಎಸ್‌ಇ (ಅನೇಕ ಮಾಡ್‌ಗಳಿಗೆ ಬೇಕಾದ ಸಹಾಯಕ ಪ್ರೋಗ್ರಾಂ) ಹಾಕಿ, ಮುಂದೆ ಆಟವನ್ನು ಅದರಿಂದಲೇ ತೆರೆಯಿರಿ. ಅದರ ಆವೃತ್ತಿ ಆಟದ ಆವೃತ್ತಿಗೆ ಕರಾರುವಾಕ್ಕಾಗಿ ಹೊಂದಬೇಕು, ಅರ್ಧಕ್ಕರ್ಧ ದೂರುಗಳು ಇಲ್ಲಿಂದಲೇ ಹುಟ್ಟುವುದು. ಮಾಡ್‌ಗಳನ್ನು ಕೈಯಲ್ಲಿ ಡೇಟಾ ಫೋಲ್ಡರಿಗೆ ಸುರಿಯದೆ ಮಾಡ್ ಆರ್ಗನೈಸರ್ 2 ಅಥವಾ ವೋರ್ಟೆಕ್ಸ್ ಮೂಲಕ ಹಾಕಿ. ಮೊದಲು ಆಟದ ತಪ್ಪು ತಿದ್ದುವ ಅನಫಿಶಿಯಲ್ ಪ್ಯಾಚ್, ಬೇರೆ ಮಾಡ್‌ಗಳಿಗೆ ಆಧಾರವಾದ ಅಡ್ರೆಸ್ ಲೈಬ್ರರಿ, ಮೆನು ಬದಲಿಸುವ ಸ್ಕೈಯುಐ. ಕೀಬೋರ್ಡ್-ಮೌಸ್‌ನಲ್ಲಿ ಆಡುವವರಿಗೆ ಮೂಲ ಆಟದ ಮೆನು ತೀರಾ ಹಿಂಸೆ, ಸ್ಕೈಯುಐ ಇಲ್ಲದೆ ಆಡಬೇಡಿ. ನಂತರ ನಾಲ್ಕೈದರಂತೆ ಸೇರಿಸುತ್ತಾ, ಪ್ರತಿ ಸಲ ವೈಟ್‌ರನ್ ಒಳಗೆ ಹೊರಗೆ ಓಡಾಡಿ ನೋಡಿ. ಕೆಟ್ಟರೆ ಯಾವುದರಿಂದ ಎಂದು ತಕ್ಷಣ ತಿಳಿಯುತ್ತದೆ. ಪೂರ್ಣ ಪ್ಲಗಿನ್‌ಗಳಿಗೆ (ಮಾಡ್‌ನ ಮುಖ್ಯ ಫೈಲ್) 254ರ ಮಿತಿಯಿದೆ, ‘ಲೈಟ್’ ಎಂದು ಗುರುತಾದವು ಆ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಎರಡು ಮಂತ್ರವೂ ನೆಟ್ಟಗೆ ಬಾರದ ನನ್ನ ಕೊಡಲಿ ವೀರ ವಿಂಟರ್‌ಹೋಲ್ಡ್ ಕಾಲೇಜಿನ ಆರ್ಚ್‌ಮೇಜ್ ಆಗಿಬಿಟ್ಟ! ಎಲ್ಲ ಬಣಗಳ ಕತೆಯೂ ಹೀಗೆಯೇ?
— ಓದುಗರು, ತುಮಕೂರು

ಬಹುಪಾಲು ಹೌದು. ಕಂಪ್ಯಾನಿಯನ್ಸ್ ಕತೆಯೂ ಕೆಲವೇ ಕ್ವೆಸ್ಟ್‌ಗಳಲ್ಲಿ ನಿಮ್ಮನ್ನು ಮುಖಂಡನನ್ನಾಗಿ ಕೂರಿಸುತ್ತದೆ. ಉಲ್ಫ್ರಿಕ್‌ನ ಸ್ಟಾರ್ಮ್‌ಕ್ಲೋಕ್‌ಗಳಿಗೂ ಜನರಲ್ ಟುಲಿಯಸ್‌ನ ಸಾಮ್ರಾಜ್ಯಕ್ಕೂ ನಡೆಯುವ ಅಂತರ್ಯುದ್ಧ ಇನ್ನೂ ನಿರಾಸೆ. ಯಾರು ಗೆದ್ದರೂ ಕಾವಲುಗಾರರ ಸಮವಸ್ತ್ರ, ಕೆಲವು ಯಾರ್ಲ್‌ಗಳು (ಪ್ರಾಂತ್ಯದ ಒಡೆಯರು) ಬದಲಾಗುತ್ತಾರೆ, ಊರಿನ ಬದುಕು ಮೊದಲಿನಂತೆಯೇ. ಜರ್ನಲ್ ಬರಹವೂ ಬಡಕಲು. ಎಲ್ಲಿಗೆ ಹೋಗಬೇಕೆಂಬ ವಿವರ ಅಲ್ಲಿಲ್ಲದ ಕಾರಣ ದಾರಿ ತೋರುವ ಬಾಣದ ಗುರುತು ತೆಗೆದು ಆಡಲು ಆಗುವುದೇ ಇಲ್ಲ.

ಬರವಣಿಗೆ ಬಿಗಿಯಾಗಿರುವುದು ಕೊಲೆಗಾರರ ಬಣವಾದ ಡಾರ್ಕ್ ಬ್ರದರ್‌ಹುಡ್‌ನಲ್ಲಿ. ವಿಂಡ್‌ಹೆಲ್ಮ್‌ನ ಅವೆಂಟಸ್ ಅರೆಟಿನೊ ಎಂಬ ಹುಡುಗನ ಮನೆಯಿಂದ ಶುರು ಮಾಡಿ. ಜಾಗದ ವಿಚಾರಕ್ಕೆ ಬಂದರೆ, ಆಲ್ಫ್ಟ್ಯಾಂಡ್‌ನ ಹಿಮದ ಕೆಳಗಿನ ಡ್ವೆಮರ್ (ಅಳಿದುಹೋದ ಕುಲ) ಯಂತ್ರಗಳ ನಡುವೆ ಇಳಿದಿಳಿದು ಬ್ಲ್ಯಾಕ್‌ರೀಚ್ ತಲುಪಿ. ಹೊಳೆಯುವ ಅಣಬೆಗಳ ಬೆಳಕಿನಲ್ಲಿ ನೆಲದಡಿ ಒಂದು ನಾಡೇ ಹಬ್ಬಿದೆ. ಡ್ವೆಮರ್ ಯಂತ್ರಗಳಿಗೆ ವಿಷ ನಾಟುವುದಿಲ್ಲ, ಕತ್ತಿಗೆ ಹಚ್ಚಿಕೊಂಡು ಹೋಗಿ ವ್ಯರ್ಥ ಮಾಡಬೇಡಿ.

ಪ್ರಶ್ನೆ: ಹೊತ್ತು ತಂದ ಸಾಮಾನು ಮಾರಲು ಅಂಗಡಿಯವರ ಹತ್ತಿರ ದುಡ್ಡೇ ಇರುವುದಿಲ್ಲ.
— ಓದುಗರು, ಶಿವಮೊಗ್ಗ

ಸಾಮಾನ್ಯ ಅಂಗಡಿಯಲ್ಲಿ 750, ಕಮ್ಮಾರರಲ್ಲಿ 1,000, ಮದ್ದಿನ ಅಂಗಡಿಯಲ್ಲಿ 500ರ ಆಸುಪಾಸು ಇರುತ್ತದೆ. ಆಟದೊಳಗಿನ 48 ಗಂಟೆಗೆ ಮತ್ತೆ ತುಂಬುತ್ತದೆ. ಮಾರುವ ಮೊದಲು ಅವರಿಂದಲೇ ನಿಮಗೆ ಬೇಕಾದ ಅದಿರು, ಸೋಲ್ ಜೆಮ್ ಕೊಳ್ಳಿ, ಆ ಹಣ ಅವರ ಪೆಟ್ಟಿಗೆ ಸೇರಿ ನಿಮ್ಮ ಸಾಮಾನಿಗೇ ವಾಪಸು ಬರುತ್ತದೆ. ಕಬ್ಬಿಣದ ಕತ್ತಿ, ಚರ್ಮದ ಕವಚ ಹೊರುವುದನ್ನು ಬಿಡಿ. ಶುರುವಿನಲ್ಲಿ ಹೊರಬಹುದಾದದ್ದು 300 ತೂಕ ಮಾತ್ರ. ಬೆಲೆಯನ್ನು ತೂಕದಿಂದ ಭಾಗಿಸಿ 10ಕ್ಕಿಂತ ಕಡಿಮೆ ಬಂದದ್ದನ್ನು ಅಲ್ಲೇ ಬಿಟ್ಟು ಬನ್ನಿ. ಮದ್ದು ಮಾಡಿ ಮಾರುವುದಾದರೆ ಜಯಂಟ್ಸ್ ಟೋ, ಕ್ರೀಪ್ ಕ್ಲಸ್ಟರ್, ಗೋಧಿ ಮೂರನ್ನೂ ಬೆರೆಸಿ. ತೂಕ ಕಡಿಮೆ, ಬೆಲೆ ಬಹಳ.